ಹಿತ್ತಲಿನಲ್ಲಿ ಜವೆಗೋಧಿ

‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ಕನ್ನಡ ನಾಡಿನ ಹಳೆಯ ನಾಣ್ಣುಡಿ. ಕೈಗೆಟುಕುವಲ್ಲಿ ಇರುವ ವಸ್ತುವಿನ ಬೆಲೆ ಮನೆಯವರಿಗೆ ತಿಳಿಯದು ಎಂಬುದು ಅದರ ತಾತ್ಪರ್ಯ. ಜವೆಗೋಧಿಯ ವಿಷಯದಲ್ಲಿ ಈ ಮಾತು ಅಕ್ಷರಶಃ ಸತ್ಯವಾಗಿದೆ. ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆಗಳ ಸೀಮೆಯಲ್ಲಿ ತಲೆತಲಾಂತರದಿಂದ ಬೆಳೆದು ಬಂದ ಈ ಧಾನ್ಯವನ್ನು ಬೆಳೆಗಾರರೇ ಬಹುಮಟ್ಟಿಗೆ ಕೈಬಿಟ್ಟರು. ಇಂದು ನಗರದ ಅಂಗಡಿಗಳು ಅದನ್ನೇ ‘ಖಪಲಿ’ ಎಂಬ ಹೆಸರಿನಿಂದ ದುಬಾರಿ ಬೆಲೆಗೆ ಮಾರುತ್ತಿವೆ. ಬಿಟ್ಟವರು ಯಾಕೆ ಬಿಟ್ಟರು, ಮತ್ತೆ ಬೆಳೆಯುವವರು ಯಾವ ಉದ್ದೇಶದಿಂದ ಬೆಳೆಯಬೇಕು ಎಂಬುದು ವಿಚಾರಾರ್ಹವಾಗಿದೆ.

ಹೆಸರು ಮತ್ತು ಸ್ವರೂಪ

ಸಂಸ್ಕೃತದ ‘ಗೋಧೂಮ’ವು ಕನ್ನಡದಲ್ಲಿ ‘ಗೋಧಿ’ಯಾಗಿದೆ. ‘ಯೋಗಿ’ಯು ‘ಜೋಗಿ’ಯಾದಂತೆ ‘ಯವ’ವು ‘ಜವೆ’ಯಾಗಿದೆ. ಯವವೆಂದರೆ ಬಾರ್ಲಿ, ಅದರ ಕಾಳು ಹೊಟ್ಟನ್ನು ಬಿಟ್ಟುಕೊಡದು. ಈ ಗೋಧಿಯ ಗುಣವೂ ಅದೇ ಆಗಿರುವುದರಿಂದ ‘ಜವೆಗೋಧಿ’ ಎಂಬ ಹೆಸರು ಅನ್ವರ್ಥವಾಗಿದೆ ಎನ್ನಬಹುದು. ಕೆಲವೆಡೆ ಇದನ್ನು ‘ಸದಕ’ ಎಂದೂ ಕರೆಯುವರು. ಸಾಮಾನ್ಯ ಗೋಧಿಯನ್ನು ಬಡಿದರೆ ಕಾಳು ಬೆತ್ತಲೆಯಾಗಿ ಉದುರುತ್ತದೆ. ಜವೆಗೋಧಿಯನ್ನು ಬಡಿದರೆ ತೆನೆಯು ಬಿಡಿಬಿಡಿಯಾಗಿ ಮುರಿದು, ಬಿಗಿಯಾದ ಸಿಪ್ಪೆಯೊಳಗೆ ಸಾಮಾನ್ಯವಾಗಿ ಎರಡೆರಡು ಕಾಳುಗಳುಳ್ಳ ತುಣುಕುಗಳು ದೊರೆಯುತ್ತವೆ.

ಇದರ ವಂಶ ಬಹು ಪುರಾತನವಾದುದು. ಪಶ್ಚಿಮ ಏಷ್ಯದಲ್ಲಿ ಸುಮಾರು 10,000 ವರ್ಷಗಳ ಹಿಂದೆ ಮಾನವನು ಮೊಟ್ಟಮೊದಲು ಬೇಸಾಯಕ್ಕೆ ಒಳಪಡಿಸಿದ ಕೆಲವೇ ಬೆಳೆಗಳಲ್ಲಿ ಇದೂ ಒಂದು. ಪ್ರಾಚೀನ ಈಜಿಪ್ಟಿನ ರೊಟ್ಟಿ ಇದರ ಹಿಟ್ಟಿನದೇ. ಇದರ ಜೀವಕಣದಲ್ಲಿ 28 ವರ್ಣತಂತುಗಳಿವೆ. ಈ ವರ್ಗದ ಗೋಧಿಯು ಒಂದು ಕಾಡುಹುಲ್ಲಿನೊಡನೆ ಸಂಕರಗೊಂಡುದರಿಂದ 42 ವರ್ಣತಂತುಗಳ ಇಂದಿನ ಸಾಮಾನ್ಯ ಗೋಧಿ ಹುಟ್ಟಿತು.

ಇದರ ಮಹತ್ವವನ್ನು ಮನೆಯವರಿಗಿಂತ ಹೊರಗಿನವರು ಮೊದಲು ಕಂಡರು. ಕಾಂಡದ ತುಕ್ಕುರೋಗದ ನಾನಾ ಬಗೆಗಳನ್ನು ಗುರುತಿಸಲು ಅಮೆರಿಕದ ವಿಜ್ಞಾನಿಗಳಾದ ಸ್ಟಾಕ್‌ಮನ್ ಮತ್ತು ಲೆವಿನ್ 1922ರಲ್ಲಿ ಗೊತ್ತುಪಡಿಸಿದ 12 ಗೋಧಿಗಳಲ್ಲಿ ಖಪಲಿಯೂ ಒಂದಾಗಿತ್ತು. ಅನಂತರ ಅದರ ರೋಗನಿರೋಧಕ ಗುಣವನ್ನು ಇತರ ಗೋಧಿಗಳಿಗೂ ಸಂಕರದಿಂದ ತಂದುಕೊಳ್ಳಲಾಯಿತು. ತುಕ್ಕಿನ ಶಾಸ್ತ್ರವನ್ನು ಅರಿಯದ ರೈತರು ಬೀಜವನ್ನು ಕಾದಿಟ್ಟುದರಿಂದಲೇ ಶಾಸ್ತ್ರಜ್ಞರಿಗೆ ಅದು ಲಭಿಸಿತು.

ಕೈಬಿಟ್ಟುದಕ್ಕೆ ಕಾರಣ

1960ರ ದಶಕದಲ್ಲಿ ಮೆಕ್ಸಿಕೋ ಮೂಲದ ಗಿಡ್ಡ ಗೋಧಿಗಳು ಭಾರತಕ್ಕೆ ಬಂದವು. ಅವು ಹೆಚ್ಚು ಗೊಬ್ಬರವನ್ನು ಉಂಡು ಹೆಚ್ಚು ಇಳುವರಿ ಕೊಟ್ಟವು. ಎತ್ತರವಾದ ನಾಟಿ ಜವೆಗೋಧಿಯಾದರೋ ಗೊಬ್ಬರ ಹೆಚ್ಚಾದರೆ ನೆಲಕ್ಕೆ ಒರಗುತ್ತಿತ್ತು. ಹಸಿದ ದೇಶಕ್ಕೆ ಅನ್ನವಿತ್ತ ಆ ತಳಿಗಳನ್ನು ಹಳಿಯುವುದು ಕೃತಘ್ನತೆಯಾದೀತು. ಎರಡನೆಯ ಕಾರಣ ಒನಕೆ. ಸಿಪ್ಪೆ ಬಿಡಿಸಲು ಕಾಳಿಗೆ ನೀರು ಚಿಮುಕಿಸಿ, ಒರಳಿಗೆ ಹಾಕಿ ಕುಟ್ಟಿ, ಮೊರದಲ್ಲಿ ಕೇರಬೇಕು. ಆ ಒನಕೆ ಹಿಡಿದ ಕೈ ಹೆಂಗಸರದು. ಹೊಟ್ಟಿಲ್ಲದ ಗೋಧಿಯೂ ಹಿಟ್ಟಿನ ಗಿರಣಿಯೂ ಬಂದಾಗ ಮನೆಯ ತಾಯಂದಿರು ನಿಟ್ಟುಸಿರು ಬಿಟ್ಟಿದ್ದರೆ ಅದು ನ್ಯಾಯವೇ. ಹಳೆಯದನ್ನು ಹೊಗಳುವವರು ಈ ಶ್ರಮವನ್ನು ಮರೆಯಬಾರದು.

ಬೆಳೆಯುವ ಕ್ರಮ

ಜವೆಗೋಧಿ ಹಿಂಗಾರಿನ ಬೆಳೆ. ಹಿತ್ತಲಿನಲ್ಲಿ ಬೆಳೆಯುವವರು ದಿನವಿಡೀ ಬಿಸಿಲು ಬೀಳುವ ಸ್ಥಳವನ್ನು ಆರಿಸಿ, ಮಣ್ಣನ್ನು ಹದಮಾಡಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಮಿತವಾಗಿ ಬೆರೆಸಬೇಕು. ಚಳಿ ಮೊದಲಾಗುವ ನವೆಂಬರ್ ಆರಂಭ ಬಿತ್ತನೆಗೆ ಯೋಗ್ಯಕಾಲ. ಒಂದು ಗುಂಟೆಗೆ, ಅಂದರೆ ಸುಮಾರು 100 ಚದರ ಮೀಟರಿಗೆ, ಒಂದು ಕಿಲೋ ಬೀಜ ಸಾಕು. ಸಾಲುಗಳ ನಡುವೆ ಒಂದು ಗೇಣು ಅಂತರವಿರಿಸಿ, 5 ಸೆಂಟಿಮೀಟರು ಆಳದಲ್ಲಿ ಸಿಪ್ಪೆಸಹಿತವಾಗಿಯೇ ಬಿತ್ತಬೇಕು.

ಬಿತ್ತಿದ ಕೂಡಲೇ ಒಂದು ನೀರು. ಮೂರು ವಾರಕ್ಕೆ, ಬುಡದಲ್ಲಿ ಹೊಸ ಬೇರು ಮೂಡುವಾಗ, ಎರಡನೆಯದು. ಇದನ್ನು ತಪ್ಪಿಸಿದರೆ ತೆಂಡೆಗಳು ಕಡಮೆಯಾಗುವುವು. ಮುಂದೆ ಹೂವಾಡುವಾಗಲೂ ಕಾಳು ಹಾಲುಗಟ್ಟುವಾಗಲೂ ನೀರು ತಪ್ಪಬಾರದು. ಮೊದಲ ಒಂದೂವರೆ ತಿಂಗಳು ಕಳೆ ತೆಗೆಯಬೇಕು. ಸುಮಾರು 110 ದಿನಗಳಲ್ಲಿ ತೆನೆ ಹೊಂಬಣ್ಣಕ್ಕೆ ತಿರುಗಿ, ಕಾಳು ಹಲ್ಲಿಗೆ ಕಟ್ಟೆಂದು ಮುರಿಯುವಾಗ ಕುಡುಗೋಲು ಹಾಕಬೇಕು. ಬಳಿಕ ಒಣಗಿಸಿ, ಬಡಿದು, ತೂರುವುದು.

ಇಲ್ಲೊಂದು ಎಚ್ಚರಿಕೆ ಅವಶ್ಯ. ಒನಕೆಯ ಪೆಟ್ಟು ಬಿದ್ದ ಕಾಳು ಮೊಳೆಯುವ ಭರವಸೆಯಿಲ್ಲ. ಆದುದರಿಂದ ಮುಂದಿನ ವರ್ಷದ ಬೀಜವನ್ನು ಕುಟ್ಟುವ ಮೊದಲೇ, ದಷ್ಟಪುಷ್ಟವಾದ ತೆನೆಗಳಿಂದ ಆರಿಸಿ, ಸಿಪ್ಪೆಯೊಡನೆ ಒಣಗಿಸಿ ಎತ್ತಿಡಬೇಕು. ಆ ಸಿಪ್ಪೆಯೇ ಹುಳುವಿನಿಂದ ಬೀಜವನ್ನು ಬಹುಮಟ್ಟಿಗೆ ಕಾಯುತ್ತದೆ. ಒನಕೆಗೆ ಕಷ್ಟವಾದುದೇ ಬೀಜಕ್ಕೆ ಕವಚವಾಗಿದೆ.

ಹಿಟ್ಟಿನ ಲೆಕ್ಕ

ಗುಂಟೆಯೊಂದರಲ್ಲಿ 20 ಕಿಲೋ ಸಿಪ್ಪೆಗಾಳು ಬಂದಿತೆಂದು ಇಟ್ಟುಕೊಳ್ಳೋಣ. ಅದರಲ್ಲಿ ಒಂದು ಕಿಲೋ ಮನೆಯ ಬೀಜಕ್ಕೆ, ಒಂದು ಕಿಲೋ ನೆರೆಮನೆಯ ಬೀಜಕ್ಕೆ. ಉಳಿದ 18 ಕಿಲೋದಲ್ಲಿ ಕಾಲುಭಾಗ ಹೊಟ್ಟಾಗಿ ಹೋದರೆ ಹದಿಮೂರೂವರೆ ಕಿಲೋ ಕಾಳು. ದಿನಕ್ಕೆ ಅರ್ಧ ಕಿಲೋದಂತೆ ಬೀಸಿದರೆ ಅದು 27 ದಿನಗಳ ಹಿಟ್ಟು. ಇಡಿಯ ಕಾಳಿನ ಹಿಟ್ಟಿನಲ್ಲಿ ಮೊಳಕೆಯ ಎಣ್ಣೆಯಂಶ ಇರುವುದರಿಂದ ಅದು ಬೇಗ ಕಮಟುತ್ತದೆ. ಬೇಕಾದಷ್ಟನ್ನೇ ಆಗಾಗ ಬೀಸಿಕೊಳ್ಳುವುದು ಲೇಸು. ಇದರ ಕಣಕ ಉಬ್ಬುವ ಬ್ರೆಡ್ಡಿಗೆ ಒದಗದು. ಚಪಾತಿ, ಸಜ್ಜಕ, ಶಾವಿಗೆ, ಹುಗ್ಗಿಗಳಿಗೆ ಸೊಗಸಾಗಿ ಒದಗುತ್ತದೆ.

ಇದನ್ನು ಸರ್ವರೋಗಕ್ಕೂ ಮದ್ದೆಂದು ಮಾರುವವರೂ ಇದ್ದಾರೆ. ಇದರಲ್ಲಿಯೂ ಗ್ಲುಟೆನ್ ಎಂಬ ಅಂಟು ಇದೆ. ಗೋಧಿ ಸಲ್ಲದ ಸೀಲಿಯಾಕ್ ರೋಗಿಗಳಿಗೆ ಇದೂ ಸಲ್ಲದು. ಮಧುಮೇಹಿಗಳು ವೈದ್ಯರ ಮಾತನ್ನು ಬಿಟ್ಟು ಇದನ್ನೇ ನೆಚ್ಚಬಾರದು. ಹಿತ್ತಲ ಗಿಡವನ್ನು ಕಡೆಗಣಿಸುವುದು ಒಂದು ತಪ್ಪಾದರೆ, ಅದನ್ನು ಸಂಜೀವಿನಿಯೆಂದು ಸಾರುವುದು ಇನ್ನೊಂದು ತಪ್ಪು.

ಬೀಜದ ದಾಸೋಹ

ಒಂದು ತಿಂಗಳೂ ಸಾಲದ ಹಿಟ್ಟಿಗಾಗಿ ನಾಲ್ಕು ತಿಂಗಳ ದುಡಿಮೆಯೇಕೆ ಎಂಬ ಪ್ರಶ್ನೆ ಸಹಜ. ಉತ್ತರ ಬೀಜದಲ್ಲಿದೆ. ಗೋಧಿಯ ಹೂವು ಬಹುತೇಕ ತನ್ನದೇ ಪರಾಗದಿಂದ ಫಲ ಕಟ್ಟುವುದರಿಂದ ಸಣ್ಣ ಮಡಿಯಲ್ಲಿಯೂ ತಳಿಯ ಗುಣ ಕೆಡದೆ ಉಳಿಯುತ್ತದೆ. ಹಿತ್ತಲು ಮನೆಯ ಕಣಜವಾಗಲಾರದು, ಬೀಜದ ಮನೆಯಾಗಬಲ್ಲದು. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಬಾಗದ ಗಿಡ್ಡ ಜವೆಗೋಧಿ ತಳಿಗಳನ್ನು ರೂಪಿಸಿ ಉಪಕಾರ ಮಾಡಿದೆ. ಆದರೆ ನಾಟಿ ತಳಿಗಳು ಉಳಿಯಬೇಕಾದರೆ ಯಾರಾದರೂ ವರ್ಷವರ್ಷವೂ ಬಿತ್ತುತ್ತಿರಬೇಕು. ಬಿತ್ತದ ಬೀಜ ಕೆಲವೇ ವರ್ಷಗಳಲ್ಲಿ ಸಾಯುತ್ತದೆ.

ಶಾಲೆಯ ಆವರಣದಲ್ಲಿ ಒಂದು ಗುಂಟೆ ಇದಕ್ಕೆ ಮೀಸಲಾದರೆ ಮಕ್ಕಳಿಗೆ ಸಸ್ಯಶಾಸ್ತ್ರ, ಗಣಿತ, ಇತಿಹಾಸಗಳು ಒಂದೇ ಮಡಿಯಲ್ಲಿ ದೊರೆಯುವುವು. ಅಲ್ಲಿ ಬಿತ್ತುವ ಕೈ ಹುಡುಗರದೂ ಹುಡುಗಿಯರದೂ ಆಗಿರುವಂತೆ ಕುಟ್ಟುವ ಕೈಯೂ ಇಬ್ಬರದೂ ಆಗಿರಬೇಕು. ಕೆಲವರ ಬೆನ್ನ ಮೇಲೆಯೇ ಹೊರಿಸಿದ ದುಡಿಮೆಗೆ ಕಾಯಕವೆಂಬ ಹೆಸರು ಸಲ್ಲದು. ಮಠದ ಪಂಕ್ತಿಯಲ್ಲಿ ಹುಗ್ಗಿಯುಂಡು ಬೆಳೆದ ಹಳೆಯ ವಿದ್ಯಾರ್ಥಿಗಳಿಗೆ ದಾಸೋಹವೆಂದರೇನೆಂದು ಹೇಳಬೇಕಾದುದಿಲ್ಲ. ಉಂಡ ಅನ್ನ ಒಂದು ದಿನದ ಹಸಿವನ್ನು ತಣಿಸುತ್ತದೆ; ಹಂಚಿದ ಬೀಜ ಮುಂದಿನ ಪಂಕ್ತಿಗೂ ಎಡೆ ಮಾಡುತ್ತದೆ. ಒನಕೆಗೆ ಹಾಕುವ ಮೊದಲು ಎತ್ತಿಟ್ಟ ಎರಡು ಕಿಲೋದಲ್ಲಿ ನೆರೆಮನೆಯದೂ ಒಂದು ಇರಲಿ.