ಪಾಳಿ ಕೆಲಸವೋ, ನಾಟಕವೋ?

ಪ್ರಶ್ನೆ: ಹಳಿಯಾಳದ ಹತ್ತಿರದವನು, ವಯಸ್ಸು 27. ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ನಾಲ್ಕು ವರ್ಷದಿಂದ ಕಾಯಂ ನೌಕರ. ಪಾಳಿ ಕೆಲಸದಲ್ಲಿ ಖುಷಿಯಿಲ್ಲ, ನಾಟಕದ ಹುಚ್ಚು. ಕೆಲಸ ಬಿಟ್ಟು ಹೆಗ್ಗೋಡಿಗೆ ಹೋಗಲೇ? ಮನೆಯಲ್ಲಿ ಒಪ್ಪುತ್ತಿಲ್ಲ.

ಉತ್ತರ: ರಾಜೀನಾಮೆ ಬರೆದಿಟ್ಟಿದ್ದರೆ ಸದ್ಯ ಜೇಬಲ್ಲೇ ಇರಲಿ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು ಸಾಮಾನ್ಯವಾಗಿ ಐದು ವರ್ಷದ ಸತತ ಸೇವೆ ಬೇಕು. ವರ್ಷಕ್ಕೆ 15 ದಿನದ ವೇತನದ ಲೆಕ್ಕ. ಐದು ವರ್ಷಕ್ಕೂ ಮೊದಲೇ ಪಿಎಫ್ ತೆಗೆದರೆ ತೆರಿಗೆಯೂ ಬೀಳಬಹುದು. ಇನ್ನೊಂದು ವರ್ಷ ತಡೆಯಿರಿ.

ಆ ವರ್ಷ ಸುಮ್ಮನೆ ಕೂರಬೇಡಿ. ಊರಿನ ಹವ್ಯಾಸಿ ತಂಡ ಸೇರಿ. ರಾತ್ರಿ ಪಾಳಿ ಮುಗಿಸಿ, ಕಣ್ಣು ಉರಿಯುವಾಗಲೂ ತಾಲೀಮಿಗೆ ಹೋಗಬೇಕು ಅನಿಸುತ್ತದೆಯೇ, ನೋಡಿಕೊಳ್ಳಿ. ನಿಮಗೆ ಬೇಕಿರುವುದು ನಾಟಕವೋ, ಪಾಳಿಯಿಂದ ಬಿಡುಗಡೆಯೋ ಅಲ್ಲೇ ಗೊತ್ತಾಗುತ್ತದೆ. ಎರಡನೆಯದಾದರೆ ವಿಭಾಗ ಬದಲಾವಣೆ ಕೇಳಿದರೂ ಸಾಕು.

ನಾಟಕವೇ ಎಂದಾದರೆ ದಾರಿಯಿದೆ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ, ಅದೇ ಸಂಸ್ಥೆಯ ಸಂಚಾರಿ ನಾಟಕ ತಂಡ ‘ತಿರುಗಾಟ’ 1985ರಿಂದ ನಡೆದಿವೆ. ನಿಮ್ಮ ಜಿಲ್ಲೆಯವರೇ ಆದ ಪ್ರಶಾಂತ್ ಸಿದ್ದಿ, ಗಿರಿಜಾ ಸಿದ್ದಿ ಅಲ್ಲೇ ಕಲಿತವರು. ಆದರೆ ಅಲ್ಲಿ ಉಳಿದುಕೊಂಡೇ ಕಲಿಯಬೇಕು, ಪಾಳಿ ಜೊತೆ ಆಗದು. ಕೋರ್ಸಿನ ಅವಧಿ ಮತ್ತು ನಂತರದ ಆರು ತಿಂಗಳ ಮನೆಖರ್ಚು ಕೂಡಿಟ್ಟು, ಆ ಪಾಸ್‌ಬುಕ್ ಅಪ್ಪನಿಗೆ ತೋರಿಸಿ. ಮಾತಿಗಿಂತ ಅದನ್ನು ಅವರು ಬೇಗ ನಂಬುತ್ತಾರೆ. ಸಾಲದ ಕಂತಿದ್ದರೆ ತೀರಿಸದೆ ಹೊರಡಬೇಡಿ.

ಖುಷಿಯಿಲ್ಲ ಎಂದಿದ್ದೀರಿ. ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಕೆಟ್ಟಿದ್ದರೆ, ಬದುಕೇ ಬೇಡ ಅನಿಸಿದರೆ ತಡಮಾಡದೆ ಮನೋವೈದ್ಯರನ್ನು ಕಾಣಿ. ಉಚಿತ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೂ ಮಾತಾಡುತ್ತಾರೆ. ಅಂಥ ಸ್ಥಿತಿಯಲ್ಲಿ ರಾಜೀನಾಮೆ ಮಾತ್ರ ಕೊಡಬೇಡಿ.