ಕೇಳಿಸದ ಮಾತು, ನಡೆಯದ ಚರಿತ್ರೆ

2017ರ ಫೆಬ್ರವರಿ 19, ಭಾನುವಾರ ರಾತ್ರಿ ಬಿಬಿಸಿ ಒನ್‌ನಲ್ಲಿ 'ಎಸ್‌ಎಸ್-ಜಿಬಿ' ಶುರುವಾಯಿತು. ಲೆನ್ ಡೇಟನ್ 1978ರಲ್ಲಿ ಬರೆದ ಕಾದಂಬರಿಯನ್ನು ಆಧರಿಸಿದ ಐದು ಕಂತಿನ ಥ್ರಿಲ್ಲರ್ ಅದು. ಕಾಲ 1941ರ ನವೆಂಬರ್. ಜರ್ಮನಿ ಬ್ರಿಟನ್ನನ್ನು ಗೆದ್ದಾಗಿದೆ. ಚರ್ಚಿಲ್‌ಗೆ ಮರಣದಂಡನೆ ಆಗಿದೆ, ದೊರೆ ಆರನೇ ಜಾರ್ಜ್ ಲಂಡನ್ ಟವರ್‌ನಲ್ಲಿ ಸೆರೆಯಲ್ಲಿದ್ದಾನೆ. ಸ್ಕಾಟ್‌ಲೆಂಡ್ ಯಾರ್ಡಿನ ಪತ್ತೇದಾರ ಡಗ್ಲಸ್ ಆರ್ಚರ್ ಮಾತ್ರ ಎಂದಿನಂತೆ ಕೆಲಸಕ್ಕೆ ಬಂದು ಕೊಲೆ ಕೇಸು ಬಿಡಿಸುತ್ತಾನೆ. ಅವನ ಮೇಲಧಿಕಾರಿ ಈಗ ಜರ್ಮನ್.

ಆಗ ನಾನು ಪಶ್ಚಿಮ ಲಂಡನ್ನಿನ ಒಂದು ಗ್ರಂಥಾಲಯದಲ್ಲಿ ಮಂಗಳವಾರದ ನೋಡುಗರ ಕೂಟ ನಡೆಸುತ್ತಿದ್ದೆ. ವಾರದಲ್ಲಿ ಟಿವಿಯಲ್ಲಿ ನೋಡಿದ್ದರ ಬಗ್ಗೆ ಚಹಾ ಕುಡಿಯುತ್ತಾ ಮಾತಾಡುವ ಹದಿನಾಲ್ಕು ಜನ, ಹೆಚ್ಚಿನವರು ವಯಸ್ಸಾದವರು. ಐದು ವಾರ ಅವರ ಮಾತು ಕೇಳಿ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಊರಲ್ಲಿ ಚಿತ್ರ ಸಮಾಜವನ್ನೋ ಓದುಗರ ಬಳಗವನ್ನೋ ನಡೆಸುವವರಿಗೆ ಉಪಯೋಗವಾದೀತು.

1. ಮೊದಲು ಕಿವಿಗೆ ಬಿತ್ತೇ ಎಂದು ವಿಚಾರಿಸಿ.

ಮೊದಲ ಮಂಗಳವಾರ ನಾನು ದೇಶದ್ರೋಹ, ಆತ್ಮಸಾಕ್ಷಿ ಅಂತ ದೊಡ್ಡ ದೊಡ್ಡ ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಎದುರಿಗೆ ಕೂತಿದ್ದ ಅಜ್ಜಿ, "ಆ ಹುಡುಗ ಏನು ಹೇಳಿದ ಅಂತಲೇ ಗೊತ್ತಾಗಲಿಲ್ಲ" ಎಂದರು. ಉಳಿದವರೂ ತಲೆಯಾಡಿಸಿದರು. ಆರ್ಚರ್ ಪಾತ್ರದ ಸ್ಯಾಮ್ ರೈಲಿ ಗೊಗ್ಗರು ದನಿಯಲ್ಲಿ, ತುಟಿ ಅಲುಗಿಸದ ಹಾಗೆ ಮಾತಾಡುತ್ತಾರೆ. ದೇಶದುದ್ದಕ್ಕೂ ಇದೇ ದೂರು ಎದ್ದಿತು. ಇದು ಹೊಸತೇನಲ್ಲ, 2014ರಲ್ಲಿ 'ಜಮೈಕಾ ಇನ್' ಧಾರಾವಾಹಿ ಬಂದಾಗಲೂ ಮಾತು ಕೇಳಿಸುವುದಿಲ್ಲವೆಂದು ಬಿಬಿಸಿಗೆ ಎರಡು ಸಾವಿರಕ್ಕೂ ಹೆಚ್ಚು ದೂರು ಹೋಗಿದ್ದವು.

ಇದನ್ನು ವಿಮರ್ಶೆಯಲ್ಲವೆಂದು ತಳ್ಳಿಹಾಕುವುದು ತಪ್ಪು. ನಡೆದ ಚರಿತ್ರೆಯ ಕಥೆಯಲ್ಲಿ ನಾಲ್ಕು ಮಾತು ತಪ್ಪಿದರೂ ನೋಡುವವರು ತಮಗೆ ಗೊತ್ತಿದ್ದರಿಂದಲೇ ತುಂಬಿಕೊಳ್ಳುತ್ತಾರೆ. ನಡೆಯದ ಚರಿತ್ರೆಯಲ್ಲಿ ತುಂಬಿಕೊಳ್ಳಲು ಏನೂ ಇಲ್ಲ. ಲೋಕವೆಲ್ಲ ಆ ಮಾತಿನಲ್ಲೇ ಕಟ್ಟಿರುತ್ತದೆ. ಜರ್ಮನ್ ಸೈನ್ಯಕ್ಕೂ ಎಸ್‌ಎಸ್ ಪಡೆಗೂ ಒಳಜಗಳ ಇದೆ ಎಂಬುದೇ ಈ ಕಥೆಯ ಕೀಲಿ. ಅದು ಕೇಳಿಸದಿದ್ದರೆ ಐದು ಕಂತೂ ವ್ಯರ್ಥ. ಎರಡನೇ ವಾರದಿಂದ ಪಾತ್ರಗಳ ಹೆಸರು, ಯಾರು ಯಾವ ಪಡೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಹಂಚಿದೆ. ಸಬ್‌ಟೈಟಲ್ ಹಾಕಿಕೊಂಡು ನೋಡಿ ಎಂದೆ. ಮಾತುಕತೆ ಅಂದಿನಿಂದ ಕಳೆಗಟ್ಟಿತು.

2. ನೋಡುಗರು ಒಂದು 'ಆಗಿದ್ದರೆ' ಒಪ್ಪುತ್ತಾರೆ, ಎರಡನ್ನಲ್ಲ.

ನೌಕಾಪಡೆಯಿಂದ ನಿವೃತ್ತರಾದ ಒಬ್ಬರು, ಇದು ಆಗುವುದೇ ಸಾಧ್ಯವಿರಲಿಲ್ಲ ಎಂದು ಪಟ್ಟು ಹಿಡಿದರು. ಅವರ ಮಾತಿಗೆ ಆಧಾರವಿದೆ. 1940ರ ಸೆಪ್ಟೆಂಬರ್ 17ರಂದು ಹಿಟ್ಲರ್ ಬ್ರಿಟನ್ ದಾಳಿಯ ಯೋಜನೆಯನ್ನು ಅನಿರ್ದಿಷ್ಟವಾಗಿ ಮುಂದೂಡಿದ್ದ. 1974ರಲ್ಲಿ ಸ್ಯಾಂಡ್‌ಹರ್ಸ್ಟ್ ಸೈನಿಕ ಅಕಾಡೆಮಿಯಲ್ಲಿ ಆ ದಾಳಿಯನ್ನು ಅಣಕು ಯುದ್ಧವಾಗಿ ಆಡಿ ನೋಡಿದಾಗಲೂ ಜರ್ಮನರೇ ಸೋತರು. ಅಷ್ಟು ಹೇಳಿದ ಅವರೇ ಐದೂ ಕಂತು ಬಿಡದೆ ನೋಡಿದರು. ಮಸಿ ಹಿಡಿದ ಬೀದಿ, ಪೆಟ್ರೋಲಿನ ಕೊರತೆ, ಕಾಳಸಂತೆ, ಕಲ್ಲಿದ್ದಲಿಲ್ಲದ ಮನೆಯ ಚಳಿ, ಇವೆಲ್ಲ ಅವರು ಹುಡುಗರಾಗಿದ್ದಾಗ ಕಂಡ ಹಾಗೇ ಇದ್ದವಂತೆ.

'ದಿ ಮ್ಯಾನ್ ಇನ್ ದಿ ಹೈ ಕ್ಯಾಸಲ್' ಬಗ್ಗೆ ಕೂಟದಲ್ಲಿ ಬಂದ ಅಸಮಾಧಾನ ಬೇರೆ ಬಗೆಯದು. ಫಿಲಿಪ್ ಕೆ. ಡಿಕ್ 1962ರಲ್ಲಿ ಬರೆದ ಕಾದಂಬರಿಯಿಂದ ಅಮೆಜಾನ್ 2015ರಿಂದ 2019ರವರೆಗೆ ನಾಲ್ಕು ಸೀಸನ್ ಮಾಡಿತು. ಜರ್ಮನಿ ಮತ್ತು ಜಪಾನ್ ಅಮೆರಿಕವನ್ನು ಹಂಚಿಕೊಂಡಿವೆ ಎಂಬುದನ್ನು ನಮ್ಮ ಕೂಟ ಅನುಮಾನಿಸದೆ ಒಪ್ಪಿತು. ಪಾತ್ರಗಳು ಬೇರೆ ಲೋಕಕ್ಕೆ ದಾಟತೊಡಗಿದ ಮೇಲೆ ಅರ್ಧ ಜನ ಕಳಚಿಕೊಂಡರು. ಅವರು ಹೇಳಿದ್ದು ಸರಿ ಎಂಬುದು ನನ್ನ ತೀರ್ಮಾನ. ಸೋತವರ ಬದುಕು ಹೇಗಿರುತ್ತದೆ ಎಂಬ ಪ್ರಶ್ನೆ ಎದುರಿಗಿರುವಾಗ, ಗೆದ್ದ ಲೋಕಕ್ಕೆ ಬಾಗಿಲು ತೆರೆದುಬಿಟ್ಟರೆ ಪ್ರಶ್ನೆಯೇ ಸಡಿಲವಾಗುತ್ತದೆ.

3. ತೆರೆಯ ಮೇಲಿನ ಚಿಹ್ನೆಯನ್ನು ಬಾಗಿಲಿಗೆ ಅಂಟಿಸಬೇಡಿ.

2015ರ ನವೆಂಬರಿನಲ್ಲಿ 'ದಿ ಮ್ಯಾನ್ ಇನ್ ದಿ ಹೈ ಕ್ಯಾಸಲ್' ಪ್ರಚಾರಕ್ಕೆ ನ್ಯೂಯಾರ್ಕಿನ 42ನೇ ಬೀದಿಯ ಸಬ್‌ವೇ ರೈಲಿನ ಸೀಟುಗಳಿಗೆ ನಾಜಿ ಮತ್ತು ಜಪಾನಿ ಸಾಮ್ರಾಜ್ಯದ ಲಾಂಛನ ಹೋಲುವ ಹೊದಿಕೆ ಹಾಕಿದ್ದರು. ಜನ ಸಿಟ್ಟಾದರು, ಹೊದಿಕೆ ತೆಗೆದರು. ಕಥೆ ನೋಡುವವರು ತಾವೇ ಬಯಸಿ ಕೂತವರು. ಕೆಲಸಕ್ಕೆ ಹೊರಟು ರೈಲು ಹತ್ತಿದವರು ಹಾಗಲ್ಲ. ಇದು ಗೊತ್ತಿದ್ದೂ ನಾನು ಗ್ರಂಥಾಲಯದ ಬಾಗಿಲಿಗೆ ನಾಜಿ ಬಾವುಟವಿದ್ದ ಚಿತ್ರ ಅಂಟಿಸಿದ್ದೆ. ಕೂಟದ ಯಹೂದಿ ಹೆಂಗಸೊಬ್ಬರು ಅದನ್ನು ನೋಡಿ ಬಾಗಿಲಿಂದಲೇ ತಿರುಗಿ ಹೋದರು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ದೀಪಾವಳಿಗೆ ಹೊಸಿಲ ಮುಂದೆ ಸ್ವಸ್ತಿಕದ ರಂಗೋಲಿ ಇಡುವ ಮನೆಯಲ್ಲಿ ಬೆಳೆದ ನನಗೆ, ಆ ಇನ್ನೊಂದು ಗುರುತು ಅವರ ಕಣ್ಣಿಗೆ ಏನೆಂಬುದು ಅಲ್ಲಿಯತನಕ ಪುಸ್ತಕದ ತಿಳಿವಳಿಕೆಯಷ್ಟೇ ಆಗಿತ್ತು.

4. ನಾಯಕನ ಮೇಲೆ ಬರುವ ಸಿಟ್ಟನ್ನು ಹಿಡಿದು ಕೂರಿ. ಉಳಿದ ಪಾಠಗಳಿಗಿಂತ ಇದು ದೊಡ್ಡದು.

ಮೂರನೇ ವಾರ ಜಗಳವೇ ಆಯಿತು. "ಆರ್ಚರ್ ಹೇಡಿ" ಎಂದರು ಒಬ್ಬರು. "ತಾಯಿಯಿಲ್ಲದ ಮಗನನ್ನು ಸಾಕುವವನು ಇನ್ನೇನು ಮಾಡಬೇಕಿತ್ತು?" ಎಂದರು ಇನ್ನೊಬ್ಬರು. ಕಳ್ಳನನ್ನು ಹಿಡಿಯುವ ಕೆಲಸ ಯಾರ ಆಡಳಿತದಲ್ಲೂ ಕೆಲಸವೇ ಅಲ್ಲವೇ ಎಂಬುದು ಮೂರನೆಯವರ ವಾದ.

ಆಗ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಗರ್ನ್ಸಿ ದ್ವೀಪದ ವೃದ್ಧರು ಬಾಯಿಬಿಟ್ಟರು. ಗರ್ನ್ಸಿ ಸೇರಿದಂತೆ ಚಾನೆಲ್ ದ್ವೀಪಗಳು 1940ರ ಬೇಸಿಗೆಯಿಂದ 1945ರ ಮೇ ತಿಂಗಳವರೆಗೆ ನಿಜವಾಗಿಯೂ ಜರ್ಮನರ ಕೈಯಲ್ಲಿದ್ದವು. ಅಲ್ಲಿ ಬ್ರಿಟಿಷ್ ಪೊಲೀಸರೇ ಗಸ್ತು ತಿರುಗಿದರು. ಯಹೂದಿಗಳು ಹೆಸರು ನೋಂದಾಯಿಸಬೇಕೆಂಬ ಆದೇಶವನ್ನು ಗರ್ನ್ಸಿಯ ನ್ಯಾಯಾಲಯ ದಾಖಲಿಸಿಕೊಂಡಿತು. ಸರ್ ಅಬ್ರಹಾಂ ಲೇನೆ ಎಂಬವರು ಆಗಲೇ ವಿರೋಧಿಸಿದ್ದರು. 1942ರ ಏಪ್ರಿಲ್‌ನಲ್ಲಿ ಮೂವರು ಯಹೂದಿ ಮಹಿಳೆಯರನ್ನು ದ್ವೀಪದಿಂದ ಫ್ರಾನ್ಸಿಗೆ ಕಳಿಸಿದರು. ಅಲ್ಲಿಂದ ಆಶ್‌ವಿಟ್ಜ್‌ಗೆ. ಮೂವರೂ ಬದುಕಿ ಬರಲಿಲ್ಲ. ಅದೇ ವರ್ಷ, ಜರ್ಮನರ ಉಗ್ರಾಣದಿಂದ ಆಹಾರ ಕದ್ದರೆಂದು ಗರ್ನ್ಸಿಯ ಹಲವು ಪೊಲೀಸರಿಗೇ ಸೆರೆವಾಸವಾಯಿತು. ಜರ್ಮನರ ಕೆಳಗೆ ದುಡಿದದ್ದು, ಜರ್ಮನರಿಂದಲೇ ಕದ್ದದ್ದು, ಒಂದೇ ಸಮವಸ್ತ್ರದಲ್ಲಿ ಎರಡೂ ನಡೆದಿದ್ದವು. ಆ ವೃದ್ಧರು ಮಾತು ನಿಲ್ಲಿಸಿದ ಮೇಲೆ ಬಹಳ ಹೊತ್ತು ಯಾರೂ ಚಹಾದ ಲೋಟ ಎತ್ತಲಿಲ್ಲ.

ನಾನು ಶಿಕಾರಿಪುರ ತಾಲ್ಲೂಕಿನಲ್ಲಿ ಹುಟ್ಟಿದವನು. 1942ರ ಸೆಪ್ಟೆಂಬರಿನಲ್ಲಿ ನಮ್ಮ ಕಡೆಯ ಈಸೂರಿನವರು ತಮ್ಮದೇ ಸರ್ಕಾರ ಘೋಷಿಸಿದರು. ಊರಿಗೆ ಬಂದ ಅಮಲ್ದಾರರೂ ಸಬ್‌ಇನ್ಸ್‌ಪೆಕ್ಟರರೂ ಗಲಭೆಯಲ್ಲಿ ಸತ್ತರು. 1943ರ ಮಾರ್ಚಿನಲ್ಲಿ ಐವರಿಗೆ ಗಲ್ಲಾಯಿತು. ಸತ್ತ ಅಧಿಕಾರಿಗಳು ಹೊರಗಿನವರಲ್ಲ, ಬ್ರಿಟಿಷರ ಅಧೀನದಲ್ಲಿದ್ದ ಮೈಸೂರು ಸಂಸ್ಥಾನದ ನೌಕರರು. ಇಂಗ್ಲಿಷರಿಗೆ ಕಲ್ಪನೆ ಮಾಡಿಕೊಳ್ಳಬೇಕಾದ ಪ್ರಶ್ನೆ ನಮ್ಮ ಹಿರಿಯರಿಗೆ ದಿನದ ಬದುಕಾಗಿತ್ತು: ಸಂಬಳ ಕೊಡುವ ದೊರೆತನ ಒಂದು, ಜನ ಇನ್ನೊಂದು. ಇದನ್ನು ಕೂಟದಲ್ಲಿ ಹೇಳಿದೆ. ಬ್ರಿಟಿಷ್ ಪೊಲೀಸನೊಬ್ಬ ಪರರ ಕೆಳಗೆ ದುಡಿಯುವುದನ್ನು ನೋಡಿ ಎದೆ ಕಲಕಿಕೊಂಡ ಅವರಿಗೆ, ತಮ್ಮವರ ಕೆಳಗೆ ಹಾಗೆ ದುಡಿದ ಭಾರತೀಯರು ಅಂದೇ ಮೊದಲು ಕಣ್ಣಿಗೆ ಕಟ್ಟಿದರು. ನೌಕಾಪಡೆಯ ಹಿರಿಯರು ಈಸೂರಿನ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಹೋದರು.

5. ನೆಮ್ಮದಿಯ ಕೊನೆ ಬೇಡುವವರಿಗೆ ಎರಡು ಕೊನೆ ತೋರಿಸಿ.

'ಎಸ್‌ಎಸ್-ಜಿಬಿ' ಅರ್ಧಕ್ಕೇ ನಿಂತಿತೆಂದು ಹಲವರು ಬೇಸರಪಟ್ಟರು. ಅವರಿಗೆ ಜರ್ಮನಿ ಗೆದ್ದ ಲೋಕದ್ದೇ ಕಥೆಯಾದ ರಾಬರ್ಟ್ ಹ್ಯಾರಿಸ್‌ರ 'ಫಾದರ್‌ಲ್ಯಾಂಡ್' ಕಾದಂಬರಿ ಓದಲು ಕೊಟ್ಟು, ಅದರ 1994ರ ಸಿನಿಮಾ ತೋರಿಸಿದೆ. ಸಿನಿಮಾದಲ್ಲಿ ನರಮೇಧದ ಸಾಕ್ಷ್ಯ ಅಮೆರಿಕದ ಅಧ್ಯಕ್ಷನ ಕೈಸೇರುತ್ತದೆ, ಅವನು ಹಿಟ್ಲರನನ್ನು ಭೇಟಿಯಾಗದೆ ಹಿಂದಿರುಗುತ್ತಾನೆ. ಕಾದಂಬರಿ ಅಂಥ ಭರವಸೆ ಕೊಡುವುದಿಲ್ಲ. ಎರಡನ್ನೂ ಮುಗಿಸಿದವರು ಕಾದಂಬರಿಯ ಪಕ್ಷ ಹಿಡಿದರು.

6. ಕೆಟ್ಟ ಮಾತು ಬಂದರೆ ಅಲ್ಲೇ ಉತ್ತರ ಕೊಡಿ.

ಕೆವಿನ್ ಬ್ರೌನ್‌ಲೋ, ಆಂಡ್ರ್ಯೂ ಮೋಲೊ ಹದಿಹರೆಯದಲ್ಲಿ ಶುರುಮಾಡಿ ಎಂಟು ವರ್ಷ ದುಡಿದು ತೆಗೆದ, ಬ್ರಿಟನ್ ನಾಜಿಗಳ ವಶವಾದ ಕಥೆಯ 'ಇಟ್ ಹ್ಯಾಪನ್ಡ್ ಹಿಯರ್' ಚಿತ್ರದಲ್ಲಿ ನಿಜವಾದ ಬ್ರಿಟಿಷ್ ಫ್ಯಾಸಿಸ್ಟರೇ ತಮ್ಮ ವಾದ ಹೇಳುವ ದೃಶ್ಯವಿದೆ. ಯಹೂದಿ ಸಂಘಟನೆಗಳು ಪ್ರತಿಭಟಿಸಿದವು, ವಿತರಕರು ಅದನ್ನು ಕತ್ತರಿಸಿದರು. ದಶಕಗಳ ನಂತರ ಮತ್ತೆ ಸೇರಿಸಲಾಯಿತು. ನಮ್ಮ ಕೂಟದಲ್ಲೂ ಒಬ್ಬರು, ರೈಲು ಸಮಯಕ್ಕೆ ಓಡಿದರೆ ಆಳುವವರು ಯಾರಾದರೇನು ಎಂದರು. ನಡೆಸುವವನು ಪಕ್ಷ ವಹಿಸಬಾರದೆಂದು ನಾನು ಸುಮ್ಮನಿದ್ದೆ. ಆ ಮೌನ ತಪ್ಪು. ಆಶ್‌ವಿಟ್ಜ್‌ಗೆ ಹೋದ ರೈಲುಗಳಿಗೂ ವೇಳಾಪಟ್ಟಿ ಇತ್ತು ಎಂದು ಅಂದೇ ಹೇಳಬೇಕಿತ್ತು. ಹೇಳಿದ್ದು ಮರುವಾರ, ಆ ಮನುಷ್ಯ ಅಂದು ಬಂದಿರಲಿಲ್ಲ.

7. ಅದೇ ರಾತ್ರಿ ಬರೆದಿಡಿ, ಅವರದೇ ಮಾತಿನಲ್ಲಿ.

ಹದಿನಾಲ್ಕು ಜನರಲ್ಲಿ ಯುದ್ಧದ ಕಾಲವನ್ನು ಕಣ್ಣಾರೆ ಕಂಡವರು ಐವರಿದ್ದರು. ಈಗ ಉಳಿದಿರುವುದು ಗರ್ನ್ಸಿಯ ಹಿರಿಯರು ಮಾತ್ರ. ಅವರು ಹೇಳಿದ್ದೆಲ್ಲ ನನ್ನ ನೀಲಿ ನೋಟ್‌ಬುಕ್ಕಿನಲ್ಲಿ ಇಪ್ಪತ್ತಾರು ಪುಟ ಇದೆ. 1942 ನೆನಪಿರುವ ಅಜ್ಜ ಅಜ್ಜಿಯರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ, ಆಗ ಪೊಲೀಸರು ಏನು ಮಾಡಿದರು, ಶಾನುಭೋಗರು ಏನು ಮಾಡಿದರು ಎಂದು ಈ ವಾರವೇ ಹೋಗಿ ಕೇಳಿ.