ಕುಂಡದ ಮಲ್ಲಿಗೆಗೆ ನೀರೆಷ್ಟು?

ನಮ್ಮದು ಮಳೆ ನಂಬಿದ ಬೇಸಾಯ. ಕುಡಿಯುವ ನೀರನ್ನೂ ಹೊತ್ತೇ ತರಬೇಕು. ಆದರೂ ಮನೆಯಾಕೆ ಅಂಗಳದ ದುಂಡುಮಲ್ಲಿಗೆ ಕುಂಡಕ್ಕೆ ದಿನಾ ಒಂದು ತಂಬಿಗೆ ತಪ್ಪಿಸುತ್ತಿರಲಿಲ್ಲ. ಒಂದು ಮಳೆಗಾಲ ಗಿಡ ಹಳದಿಯಾಗಿ ಸತ್ತಿತು. ಕಿತ್ತು ನೋಡಿದರೆ ಬೇರು ಕೊಳೆತಿತ್ತು. ನೀರಿಲ್ಲದ ಊರಲ್ಲಿ ನೀರು ಹೆಚ್ಚಾಗಿ ಗಿಡ ಹೋಯ್ತು!

ಈಗ ಬೆರಳೇ ನಮ್ಮ ಅಳತೆ. ಮಣ್ಣಿಗೆ ಎರಡು ಗೆಣ್ಣು ಬೆರಳು ಇಳಿಸಿ. ತೇವ ಹತ್ತಿದರೆ ನೀರು ಬೇಡ. ಮಳೆಗಾಲದಲ್ಲಿ ತಳದ ತೂತು ಕಟ್ಟದಂತೆ ನೋಡಿಕೊಂಡರೆ ಸಾಕು. ಚಳಿಗಾಲದಲ್ಲಿ ಗಿಡ ಒಣಗದಷ್ಟು ಮಾತ್ರ ಕೊಡಿ. ಎಲೆ ಉದುರಿದರೆ ಹೆದರಬೇಡಿ. ಸಂಕ್ರಾಂತಿ ಕಳೆದ ಮೇಲೆ ರೆಂಬೆ ಸವರಿ, ಗೊಬ್ಬರ ಹಾಕಿ, ತಳದಿಂದ ಹನಿಯುವವರೆಗೆ ನೀರುಣಿಸಿ. ಮೊಗ್ಗು ಬರುವುದು ಹೊಸ ಚಿಗುರಿನಲ್ಲೇ. ಬೇಸಿಗೆಯಲ್ಲಿ ಮಾತ್ರ ದಿನಾ ಬೆಳಿಗ್ಗೆ ನೀರು ಬೇಕು. ಅಕ್ಕಿ ತೊಳೆದ ನೀರೂ ಆದೀತು. ಮೇಲೆ ಶೇಂಗಾ ಸಿಪ್ಪೆ ಹೊದಿಸಿದರೆ ತೇವ ಬೇಗ ಆರದು.

ಈಗ ನಮ್ಮಲ್ಲಿ ನೀರೂ ಉಳಿದಿದೆ, ಯುಗಾದಿ ಹೊತ್ತಿಗೆ ಮನೆಯ ಹೂವೇ ಮುಡಿಗೆ.